ಒಳಗೆ ಗಂಡ, ಹೊರಗೆ ಪ್ರಾರ್ಥನೆ

ಪ್ರಾರ್ಥನೆಗೆ ಕಣ್ಣು ಮುಚ್ಚುವ ಮುಂಚೆ ಒಮ್ಮೆ ಪಕ್ಕಕ್ಕೆ ನೋಡಿದೆ. ಗಂಡ ನಾಪತ್ತೆ!

ಕಳೆದ ಶನಿವಾರ ಬೆಳಿಗ್ಗೆ. ನಾವೀಗಿರುವ ಪರದೇಶದ ಊರು ಕೆಂಟ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ರಸ್ತೆ ಆಚೆ ಒಂದು ಚೀನೀ ದೇವಸ್ಥಾನವಿದೆ. ಅದರ ಎದುರಿನ ಫುಟ್‌ಪಾತಿನಲ್ಲಿ ನಮ್ಮ ಕನ್ನಡ ಪ್ರೇಯರ್ ಗ್ರೂಪಿನ ಐದು ಜನ ಜಾಕೆಟ್ ಜಿಪ್ ಏರಿಸಿಕೊಂಡು ನಿಂತಿದ್ದೆವು.

ತಿಂಗಳಿಗೊಮ್ಮೆ ನಾವು ಏರಿಯಾದ ಒಂದು ಜಾಗಕ್ಕೆ ನಡೆದುಹೋಗಿ ಅಲ್ಲಿನವರಿಗಾಗಿ ಪ್ರಾರ್ಥಿಸುತ್ತೇವೆ. ಒಮ್ಮೆ ಸ್ಕೂಲು, ಒಮ್ಮೆ ಫೈರ್ ಸ್ಟೇಷನ್. ಈ ಸಲ ಈ ದೇವಸ್ಥಾನದ ಭಕ್ತರಿಗಾಗಿ. ನಡೆಸುವ ಸರದಿ ನನ್ನದು.

ನಾನು ಹಾಸನದ ಕ್ರೈಸ್ತರ ಮನೆಯ ಹುಡುಗಿ, ಚೇತನ್ ದಾವಣಗೆರೆಯ ಹಿಂದೂ ಹುಡುಗ. ಮದುವೆಯಾಗಿ ನಾಲ್ಕು ತಿಂಗಳು, ಹನ್ನೊಂದು ದಿನ (ಹೌದು, ಎಣಿಸುತ್ತೇನೆ). ನಾನು ಪ್ರಾರ್ಥನೆ ಮಾಡುವುದನ್ನು ಕೇಳಬೇಕು ಅಂತಲೇ ಅವನು ಮೊದಲ ಸಲ ಜೊತೆಗೆ ಬಂದಿದ್ದ.

ನೋಡಿದರೆ... ದೇವಸ್ಥಾನದ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾನೆ, ಒಂದು ಸಾಕ್ಸಿನಲ್ಲಿ ತೂತು ಬೇರೆ. ಅಲ್ಲಿ ಯಾರೂ ಬಿಚ್ಚುವುದಿಲ್ಲ! ಚೀನೀ ಅಜ್ಜಿಯರೆಲ್ಲ ಶೂ ಹಾಕಿಕೊಂಡೇ ಒಳಗೆ ನಡೆಯುತ್ತಿದ್ದಾರೆ.

ಗಾಜಿನ ಬಾಗಿಲಿನಿಂದ ಎಲ್ಲ ಕಾಣುತ್ತಿದೆ. ಒಬ್ಬ ಅಜ್ಜಿ ಅವನ ಕೈಗೆ ಮೂರು ಊದುಬತ್ತಿ ಕೊಟ್ಟು ಬಗ್ಗುವುದು ಹೇಗೆಂದು ತೋರಿಸಿದರು. ಬಗ್ಗಿದ. ಆಮೇಲೆ ಪ್ರದಕ್ಷಿಣೆ ಹಾಕಲು ಹೊರಟ, ದೇವರ ಹಿಂದೆ ಗೋಡೆ ಅಡ್ಡ ಬಂತು, ಅರ್ಧಕ್ಕೇ ವಾಪಸ್ ಬಂದ.

ಅಯ್ಯೋ, ಎಷ್ಟು ಮುದ್ದು ಬಂತು ಅಂದರೆ!

ಆಗ ಫೋನ್ ನೋಡಿದೆ. ನಮ್ಮ ಗ್ರೂಪಿನ ಸುಗುಣ ಆಂಟಿ ಪ್ರಾರ್ಥನೆಯಲ್ಲಿ ಓದು ಅಂತ ಕಳಿಸಿದ್ದ ಸಾಲು ಅದರಲ್ಲಿತ್ತು. ಇಲ್ಲಿ ಅಡ್ಡಬೀಳುವವರು ಸುಳ್ಳು ದೇವರುಗಳನ್ನೂ ಕತ್ತಲೆಯನ್ನೂ ಬಿಟ್ಟು ಬರಲಿ ಅಂತ.

ಗುರುವಾರ ಅದಕ್ಕೆ ಥಂಬ್ಸ್ ಅಪ್ ಹಾಕಿದ್ದೆ. ಚಿಕ್ಕಂದಿನಿಂದ ಕೇಳಿದ ಮಾತು, ಯೋಚಿಸಲೇ ಇಲ್ಲ. ಈಗ ಆ ಮಾತಿಗೆ ಒಂದು ಮುಖ ಬಂದಿದೆ, ಅದು ನನ್ನ ಗಂಡನ ಮುಖ.

ಓದಿದರೆ ಅವನಿಗೆ ಏನೆಂದು ಹೇಳಿದ ಹಾಗೆ? ಓದದಿದ್ದರೆ ಆಂಟಿಗೆ ನೋವು. ಕೋಲಾರದ ಆಂಟಿ, ಈ ಗ್ರೂಪ್ ಶುರು ಮಾಡಿದವರೇ ಅವರು. ಇಲ್ಲಿಗೆ ಬಂದ ಮೊದಲ ವಾರ ನನಗೆ ಜ್ವರ ಬಂದಾಗ ದಿನಾ ಅನ್ನ, ಸಾರು ತಂದುಕೊಟ್ಟವರು.

"ಶುರು ಮಾಡಮ್ಮ," ಅಂದರು.

"ಆಂಟಿ, ಚೇತನ್ ಒಳಗಿದಾನೆ."

"ನೋಡ್ದೆ. ಶುರು ಮಾಡು."

ಫೋನ್ ಜೇಬಿಗೆ ಹಾಕಿ ಕಣ್ಣು ಮುಚ್ಚಿದೆ. ತಂದೆಯೇ, ಒಳಗಿರುವ ಅಜ್ಜಿಯರ ಮಂಡಿನೋವು ವಾಸಿಮಾಡು ಅಂದೆ. ದೂರದಲ್ಲಿರುವ ಅವರ ಮಕ್ಕಳು ಫೋನ್ ಮಾಡಲಿ. ಅವರು ಯಾರಿಗಾಗಿ ಊದುಬತ್ತಿ ಹಚ್ಚಿದ್ದಾರೋ ಅವರನ್ನು ಕಾಪಾಡು.

ಯಾರು ಪ್ರಾರ್ಥಿಸಿದರೂ ಪ್ರತಿ ಮಾತಿಗೂ "ಸ್ತೋತ್ರ" ಅನ್ನುವವರು ಸುಗುಣ ಆಂಟಿ. ನನ್ನ ಯಾವ ಮಾತಿಗೂ ಅನ್ನಲಿಲ್ಲ. ನಾನು ಆಮೆನ್ ಅಂದೆ, ಆಂಟಿ ಬಿಟ್ಟು ಉಳಿದವರೂ ಮೆಲ್ಲಗೆ ಅಂದರು.

ಮುಗಿಯಿತು, ಇನ್ನು ಈ ಗ್ರೂಪಿಗೆ ಬರಲಾರೆ ಅಂದುಕೊಂಡೆ. ಕಣ್ಣು ತೆರೆಯುವ ಧೈರ್ಯವೂ ಇರಲಿಲ್ಲ.

ಅಷ್ಟರಲ್ಲಿ ಆಂಟಿಯ ದನಿ. ನನ್ನ ಪ್ರಾರ್ಥನೆಯನ್ನು ಅವರೇ ಮುಂದುವರಿಸುತ್ತಿದ್ದರು.

"ಕರ್ತನೇ, ಇವರಿಗೆಲ್ಲ ಬೆಳಕು ತೋರ್ಸೋದು ನಿನ್ ಕೆಲ್ಸ, ನೀನ್ ನೋಡ್ಕೋ. ಆ ತೂತು ಸಾಕ್ಸ್ ಹುಡುಗನ್ನ ಮಾತ್ರ ಚೆನ್ನಾಗಿಡಪ್ಪ. ಈ ಹುಡುಗಿಗೆ ಈ ದೇಶದಲ್ಲಿ ಅವನೇ ದಿಕ್ಕು."

ಈ ಸಲದ ಆಮೆನ್ ನನ್ನದೇ ಎಲ್ಲರಿಗಿಂತ ಜೋರು, ಅರ್ಧ ಅಳು, ಅರ್ಧ ನಗು.

ನಿಮ್ಮದಲ್ಲದ ದೇವರ ಮುಂದೆ ಕೈಮುಗಿದು ನಿಂತವರಿಗಾಗಿ ನೀವು ಏನು ಬೇಡಿಕೊಳ್ಳುತ್ತೀರಿ?