ಮಗ್ಗದ ಕಂಬದ ಸ್ವಿಚ್ಚು

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗ್ಗ ಇದ್ದದ್ದು ಹಿಂದಿನ ಕೋಣೆಯಲ್ಲಿ. ಅದಕ್ಕೆ ಕಿಟಕಿ ಇರಲಿಲ್ಲ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವ್ವ ರೇಷ್ಮೆ ಸೀರೆ ನೇಯುತ್ತಿದ್ದಳು. ಹಗಲಿನಲ್ಲೂ ಅವಳ ತಲೆಯ ಮೇಲೆ ಬಲ್ಬು ಉರಿಯಬೇಕಿತ್ತು. ಒಮ್ಮೆ ಗುಣಿಗೆ ಇಳಿದರೆ ಪದೇ ಪದೇ ಎದ್ದು ಬರುವುದು ಕಷ್ಟ. ಆದ್ದರಿಂದ ಬಲ್ಬಿನ ಸ್ವಿಚ್ಚನ್ನು ಗೋಡೆಗಲ್ಲ, ಮಗ್ಗದ ಕಂಬಕ್ಕೇ ಹೊಡೆದಿದ್ದರು. ಕೂತಲ್ಲಿಂದಲೇ ಕೈಗೆ ಸಿಗುತ್ತಿತ್ತು. ನಮ್ಮ ಬೀದಿಯಲ್ಲಿ ಬಹುತೇಕ ಎಲ್ಲರ ಮನೆಯಲ್ಲೂ ಹಾಗೆಯೇ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಮನೆಯಲ್ಲಿ ಒಂದು ತೀರ್ಮಾನ ಆಗಿಹೋಗಿತ್ತು. ಮಗ್ಗದ ಮೇಲಿದ್ದ ಸೀರೆ ಇಳಿದ ಮೇಲೆ ಅವ್ವ ನೇಯುವುದನ್ನು ನಿಲ್ಲಿಸಬೇಕು. ಪಕ್ಕದ ಬೀದಿಯ ನೇಕಾರರೊಬ್ಬರು ಬಂದು ಮಗ್ಗ ಬಿಚ್ಚಿಕೊಂಡು ಹೋಗಬೇಕು. ಇದು ಅಪ್ಪನ ತೀರ್ಮಾನ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಅಪ್ಪ ಸಿಡುಕಿನವನಲ್ಲ. ಅವ್ವನ ಕಣ್ಣು ಕೆಡುತ್ತಿದೆ ಎಂಬುದು ಅವನ ಚಿಂತೆ.

ಆ ಚಿಂತೆಗೆ ಕಾರಣವಿತ್ತು. ಕೆಲವು ತಿಂಗಳಿಂದ ಅವ್ವ, ನೇಯುವಾಗ ಬೆಳಕು ಹೋಗಿ ಹೋಗಿ ಬರುತ್ತದೆ ಎನ್ನುತ್ತಿದ್ದಳು. ಕರೆದಾಗ ಅಪ್ಪ ಬಂದು ನೋಡಿದರೆ ಬಲ್ಬು ನೆಟ್ಟಗೆ ಉರಿಯುತ್ತಿತ್ತು. ಪ್ರತಿ ಸಲವೂ ಹೀಗೇ. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಕನ್ನಡಕ ಹಾಕಿದ ಮೇಲೂ ಬೆಳಕು ಹೋಗಿ ಹೋಗಿ ಬರುವುದು ನಿಲ್ಲಲಿಲ್ಲ. ಆಗಲೇ ಅಪ್ಪ ಮಗ್ಗ ಕೊಡುವ ಮಾತಾಡಿದ್ದು.

“ಇಷ್ಟ್ ವರ್ಸ ದುಡ್ದಿದ್ದೀಯ, ಸಾಕು ಬುಡು,” ಎಂದು ಅವನು ನನ್ನೆದುರೇ ಅವಳಿಗೆ ಹೇಳಿದ.

ಅವ್ವ ವಾದ ಮಾಡಲಿಲ್ಲ. ಲಾಳಿಗೆ ನೂಲಿನ ಕಂಡಿಕೆ ಹಾಕಿಕೊಳ್ಳುತ್ತ, “ನೀವು ಬಂದಾಗ ಇರ್ತದೆ. ನಾನು ನೇಯೋವಾಗ ಓಯ್ತದೆ,” ಎಂದಳು. ಅದನ್ನು ಎಷ್ಟು ಸಲ ಹೇಳಿದ್ದಳೋ, ದನಿಯಲ್ಲಿ ಏರಿಳಿತವೇ ಇರಲಿಲ್ಲ. ಆ ಸೀರೆಯಲ್ಲಿ ಉಳಿದಿದ್ದದ್ದು ಸೆರಗು ಮಾತ್ರ.

ಎರಡು ದಿನ ಕಳೆದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ನೂಲನ್ನು ಬಡಿದು ಕೂಡಿಸುವ ಹಣಿಗೆಯ ಸದ್ದು ನಿಂತಿತು. ಅವ್ವ ಕರೆದಳು. ನಾನೂ ಅಪ್ಪನೂ ಹೋದಾಗ ಕೋಣೆ ಕತ್ತಲಾಗಿತ್ತು.

“ಈ ಸಲ ನಿಮ್ಗೂ ಕಾಣಾಕಿಲ್ವಾ?” ಎಂದಳು. ಅಪ್ಪ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿದ. ಬೆಳಕು ಬರಲಿಲ್ಲ.

ಬಲ್ಬು ಸುಟ್ಟಿರಬೇಕೆಂದು ಅಪ್ಪ ಅದನ್ನು ಬಿಚ್ಚಿ ಅಡುಗೆಮನೆಯ ಹೋಲ್ಡರಿಗೆ ಹಾಕಿದ. ಅಲ್ಲಿ ಉರಿಯಿತು. ಫ್ಯೂಸ್ ಎಳೆದು ನೋಡಿದೆವು, ತಂತಿ ತುಂಡಾಗಿರಲಿಲ್ಲ. ನಾನು ಟೆಸ್ಟರ್ ಹುಡುಕಿ, ಮೊದಲು ಅಡುಗೆಮನೆಯಲ್ಲಿ ಅದು ಸರಿಯಿದೆಯೇ ಎಂದು ನೋಡಿಕೊಂಡು ಬಂದೆ. ಆಮೇಲೆ ಶಾಕ್ ಹೊಡೆಯದಂತೆ ಮರದ ಮಣೆಯ ಮೇಲೆ ನಿಂತು ಕಂಬದ ಸ್ವಿಚ್ಚಿನ ಮುಚ್ಚಳ ತೆಗೆದು ಎರಡೂ ಸ್ಕ್ರೂಗಳಿಗೆ ಮುಟ್ಟಿಸಿದೆ. ಎರಡರಲ್ಲೂ ಟೆಸ್ಟರ್ ಹೊತ್ತಲಿಲ್ಲ. ಬಲ್ಬಿಗೆ ಹೋಗುವುದಿರಲಿ, ಸ್ವಿಚ್ಚಿಗೇ ಕರೆಂಟು ಬರುತ್ತಿರಲಿಲ್ಲ.

ಇಷ್ಟರಲ್ಲಿ ಪಕ್ಕದ ಮನೆಯ ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದರು. “ಏನವ್ವ, ಮೈಸೂರ್ಗಂಟ ಓಗಿ ಓದಿದ್ದು ಈ ಸ್ವಿಚ್ ಬಿಚ್ಚೋಕಾ?” ಎಂದರು. ಅಪ್ಪ ಮಾತ್ರ ನಗಲಿಲ್ಲ. ಮುಟ್ಟಬೇಡ, ನಾಳೆ ವೈರ್‌ಮನ್‌ನನ್ನು ಕರೆಸುತ್ತೇನೆ ಎಂದ. ನಾನು ಮೇನ್ ಸ್ವಿಚ್ ಆರಿಸಿ ಬಂದೆ. ಅವನು ಮಾತು ನಿಲ್ಲಿಸಿ ಟಾರ್ಚ್ ಹಿಡಿದ.

ಒಳಬರುವ ವೈರನ್ನು ಮೆಲ್ಲಗೆ ಎಳೆದದ್ದಷ್ಟೇ, ಅದು ಸ್ಕ್ರೂವಿನಿಂದ ಜಾರಿ ಕೈಗೆ ಬಂತು. ತುದಿ ಕಪ್ಪಾಗಿ ಸುಟ್ಟಿತ್ತು. ಸ್ಕ್ರೂ ಎಷ್ಟು ಸಡಿಲವಾಗಿತ್ತೆಂದರೆ ಉಗುರಿನಲ್ಲೇ ತಿರುಗಿತು. ಅವ್ವ ಹಣಿಗೆ ಎಳೆದು ಬಡಿದಾಗಲೆಲ್ಲ ಮಗ್ಗ ಅದುರುತ್ತದೆ, ಮಗ್ಗದೊಡನೆ ಕಂಬ, ಕಂಬದೊಡನೆ ಸ್ವಿಚ್ಚು. ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ಇದನ್ನು ಕಡೆಯ ಸಲ ಬಿಗಿ ಮಾಡಿದ್ದು ಯಾವಾಗ ಎಂದು ಇಬ್ಬರನ್ನೂ ಕೇಳಿದೆ.

ಹೊಸ ಸೀರೆಗಳಿಗೆ ಹಾಸುನೂಲು ಹೂಡುವಾಗಲೆಲ್ಲ ಅವ್ವ ಮಗ್ಗಕ್ಕೆ ಪೂಜೆ ಮಾಡಿ, ಒಂದೊಂದು ಬೆಣೆಯನ್ನೂ ತಟ್ಟಿ ಬಿಗಿ ಮಾಡುತ್ತಿದ್ದಳು. ಅದೇ ಕಂಬದಲ್ಲಿದ್ದ ಸ್ವಿಚ್ಚನ್ನು ಮಾತ್ರ ಮುಟ್ಟಿರಲಿಲ್ಲ. “ಅದು ಕರೆಂಟ್ ಸಾಮಾನು. ನಿಮ್ಮಪ್ಪನ್ದು,” ಎಂದಳು.

“ಮಗ್ಗದ ಕಂಬಕ್ಕೆ ನಾನು ಕೈಯಾಕಿದ್ರೆ ಇವ್ಳು ಸುಮ್ಕಿರ್ತಿದ್ಲಾ?” ಎಂದ ಅಪ್ಪ.

ದೊಡ್ಡವ್ವ ತಮ್ಮ ಮನೆಯ ಸ್ವಿಚ್ಚು ನೋಡಬೇಕೆಂದು ಹೇಳಿ ಹೊರಟುಹೋದರು.

ನಾನು ವೈರಿನ ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಸಿಪ್ಪೆ ಬಿಡಿಸಿ, ತಂತಿಯನ್ನು ಹೊಸೆದು ಸ್ಕ್ರೂವಿನಡಿ ಸೇರಿಸಿದೆ. ಬಿಗಿ ಮಾಡಲು ಹೊರಟಾಗ ಅವ್ವ ಗುಣಿಯೊಳಗಿಂದಲೇ ತಡೆದಳು.

“ಬಿಗಿ ಮಾಡ್ಬ್ಯಾಡ. ಮೊದ್ಲು ಎಂಗಿತ್ತೋ ಅಂಗೇ ಸಡ್ಲವಾಗಿಡು. ನಾನು ನೇಯ್ತೀನಿ, ಅವ್ರು ಕೂತ್ಕಂಡು ನೋಡ್ಲಿ.”

ಅದು ಕ್ಷೇಮವಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸಡಿಲವಾಗಿಯೇ ಬಿಟ್ಟು, ಮುಚ್ಚಳ ಹಾಕಿ, ಅಡುಗೆಮನೆಯಿಂದ ಬಲ್ಬನ್ನು ತಂದು ಸಿಕ್ಕಿಸಿ, ಮೇನ್ ಹಾಕಿ ಬಂದೆ. ಬಲ್ಬು ನೆಟ್ಟಗೆ ಉರಿಯುತ್ತಿತ್ತು. ಅಪ್ಪ ಹೊಸ್ತಿಲ ಮೇಲೆ ಕೂತ. ಅವ್ವ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಲಾಳಿ ದಾಟಿಸಿ ಹಣಿಗೆ ಬಡಿದಳು. ಬೆಳಕು ಹೋಗಿ ಬಂತು. ಇನ್ನೊಂದು ಪೆಟ್ಟಿಗೆ ಮತ್ತೆ ಹೋಗಿ ಬಂತು. ಅವಳು ಕೈ ನಿಲ್ಲಿಸಿದಳು. ಬಲ್ಬು ಕದಲದೆ ಉರಿಯಿತು. ಮತ್ತೆ ಬಡಿದಳು, ಮತ್ತೆ ಹೋಯಿತು.

ಎಷ್ಟು ಸಾಲು ನೇಯ್ದಳೋ ನಾನು ಎಣಿಸಲಿಲ್ಲ. ಅಪ್ಪ ಬಲ್ಬನ್ನು ನೋಡುವುದು ಬಿಟ್ಟು ಅವಳ ಕೈಗಳನ್ನು ನೋಡತೊಡಗಿದ್ದ. ಬೆಳಕು ಇಲ್ಲದ ಕ್ಷಣದಲ್ಲೂ ಲಾಳಿ ತಪ್ಪಿರಲಿಲ್ಲ. ಆಮೇಲೆ ಎದ್ದು ಮೊಳೆಯಲ್ಲಿದ್ದ ಅಂಗಿ ಹಾಕಿಕೊಂಡ.

“ಈಗ್ಲೇ ಓಗ್ಬೇಕಾ? ಊಟ ಮಾಡ್ಕಂಡ್ ಓಗಿ,” ಎಂದಳು ಅವ್ವ. ಎಲ್ಲಿಗೆ ಎಂದು ಕೇಳಲಿಲ್ಲ.

“ಈಗ್ಲೇ ಯೋಳ್ಬುಡ್ತೀನಿ. ಪಕ್ಕದ್ ಬೀದಿ ಆವಯ್ಯ ಮಗ್ಗ ಬತ್ತದೆ ಅಂತ ನೆಲ ಅಗ್ದು ಗುಣಿ ಮಾಡಿಸ್ಬುಟ್ಟಾನು,” ಎಂದು ಅಪ್ಪ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದ.

ನಾನು ಮೇನ್ ಆರಿಸಿ ಬಂದು, ಟಾರ್ಚನ್ನು ಅವ್ವನ ಕೈಗೆ ಕೊಟ್ಟು, ಸ್ಕ್ರೂ ಬಿಗಿ ಮಾಡಿದೆ. ಆಯಿತು ಎಂದೆ. ಅವಳು ಬೆರಳಿಂದ ಮುಟ್ಟಿ ನೋಡಿ, ಬೆಣೆಗಳನ್ನು ನೋಡುವ ಹಾಗೆಯೇ ತಲೆ ವಾರೆ ಮಾಡಿ, “ಇನ್ನೊಂದ್ ಸುತ್ತು ತಿರುವು,” ಎಂದಳು.