ಹಲ್ಲಿಗಳಿಗೆ ಬಾಣಂತನ ಮಾಡಿದ ಕಾಕಾ

ಮೊನ್ನೆ ಅಂಗಳದಲ್ಲಿ ಬೀಚ್ ಎಂಬ ಮರದ ಒಣ ಎಲೆಗಳನ್ನು ಚೀಲಕ್ಕೆ ತುಂಬುವಾಗ ಆ ವಾಸನೆ ಮೂಗಿಗೆ ಬಡಿಯಿತು... ಇಲ್ಲಿ, ಸ್ವೀಡನ್ನಿನ ಮಾಲ್ಮೋದಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು. ಧಾರವಾಡದ ಕಡೆಯವರು, ನಿವೃತ್ತ ಸಂಶೋಧಕರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನು ಬೆಂಗಳೂರಿನ ಅಭ್ಯಾಸದಲ್ಲಿ ‘ಅಂಕಲ್’ ಎಂದರೆ ಓಗೊಡುತ್ತಲೇ ಇರಲಿಲ್ಲ.

ಅವರು ಹಲ್ಲಿ ಸಾಕಿದ್ದರು, ಈ ಕಡೆಯ ಚಳಿ ತಡೆಯುವ ಜಾತಿಯವು. ಹಲ್ಲಿ ಕಂಡರೆ ಪೊರಕೆ ಹುಡುಕುವವರು ನಾವು. ಅವರು ಬಿಸಿಲು ಬೀಳುವ ಗೋಡೆಗೆ ಒತ್ತಿ ಅವಕ್ಕೊಂದು ಮೇಲೆ ತೆರೆದ ಗಾಜಿನ ಮನೆಯನ್ನೇ ಕಟ್ಟಿದ್ದರು. ಒಳಗೆ ಎದೆಯಾಳದ ಗುಂಡಿ, ಅದರ ತುಂಬ ಒಡೆದ ಇಟ್ಟಿಗೆ, ಕಲ್ಲು, ಮರಳು. ಮಣ್ಣು ಹೆಪ್ಪುಗಟ್ಟದ ಆಳಕ್ಕಿಳಿದು ಅವು ಚಳಿಗಾಲವಿಡೀ ಮಲಗುತ್ತಿದ್ದವು. ‘ಕಂಬಳಿ ಬೇಕಾ?’ ಎಂದು ಕೇಳಿ ನಾನು ಮಂಗಳಾರತಿ ಮಾಡಿಸಿಕೊಂಡಿದ್ದೆ.

‘ಮುಚ್ಚಿಟ್ರ ಥಂಡಿ ಏನೂ ಮಾಡಂಗಿಲ್ಲವಾ. ನೀರು ಇಳೀಬಾರದು, ಅಷ್ಟ.’

ಮೊದಲ ಚಳಿಗಾಲದಲ್ಲಿ ಅವರೂ ಮನಸ್ಸು ತಡೆಯದೆ ಎಲ್ಲವನ್ನೂ ಅಗೆದು ಒಳಗೆ ತಂದು, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಹೀಟರ್ ಪಕ್ಕ ಇಟ್ಟಿದ್ದರಂತೆ. ಅವು ಅರೆನಿದ್ದೆಯಲ್ಲಿ ಎದ್ದು, ಏನೂ ತಿನ್ನದೆ, ಒಂದೂ ಉಳಿಯಲಿಲ್ಲ. ‘ಬಾಣಂತನ ಮಾಡಿ ಕೊಂದೆ,’ ಎನ್ನುತ್ತಿದ್ದರು. ಬೇರೆ ಹಲ್ಲಿಗಳನ್ನು ತಂದಂದಿನಿಂದ ಒಂದೇ ಕಟ್ಟಪ್ಪಣೆ: ಗುಂಡಿ ಮುಚ್ಚಿದ ಮೇಲೆ ವಸಂತದವರೆಗೆ ತೆಗೆಯುವಂತಿಲ್ಲ.

ಕೊನೆಯ ವರ್ಷ ಗುಂಡಿ ಮುಚ್ಚುವ ಹೊತ್ತಿಗೆ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಮಾಡಿದೆ. ದಪ್ಪಗೆ ಎಲೆ ಹಾಸಿ, ಇಲಿ ನುಗ್ಗದಂತೆ ಜಾಲರಿ ಬಿಗಿದು, ಮಳೆ ಜಾರಿಹೋಗಲೆಂದು ಹಲಗೆಗಳನ್ನು ಓರೆಯಾಗಿ ಹೊದಿಸಿದೆ. ಎಲೆ ಒದ್ದೆ ಎಂದು ಎರಡು ಸಲ ಬೈಸಿಕೊಂಡೆ.

ಜನವರಿಯಲ್ಲಿ ಆಸ್ಪತ್ರೆ ಸೇರಿದರು. ವಸಂತದವರೆಗೆ ಇರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ... ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿದರು:

‘ಒಮ್ಮೆ ತಗದು ನೋಡಿ ಬಾರವಾ. ಜೀವಂತ ಅದಾವೋ ಇಲ್ಲೋ, ಅಷ್ಟ ಹೇಳು.’

ಹೋದೆ. ಹಲಗೆಯ ಮೇಲೆ ಹಿಮ ಗಟ್ಟಿಯಾಗಿ ಕೂತಿತ್ತು. ತೆಗೆದರೆ ಆ ಚಳಿ ನೇರ ಒಳಗೆ. ತುಸು ಹೊತ್ತು ನಿಂತು, ಮುಟ್ಟದೆ ಹಿಂತಿರುಗಿದೆ.

‘ಇವೆ ಕಾಕಾ. ಚೆನ್ನಾಗಿ ಮಲ್ಕೊಂಡಿವೆ.’

ಅವರು ನನ್ನ ಮುಖವನ್ನೇ ನೋಡಿದರು. ‘ತಗದಿಲ್ಲ ನೀ,’ ಎಂದರು. ಆಮೇಲೆ ನಕ್ಕರು. ‘ಛಲೋ ಮಾಡಿದಿ.’

ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಅವರನ್ನು ಅಷ್ಟೊಂದು ಹಚ್ಚಿಕೊಂಡಿದ್ದೇನೆಂದು ನನಗೆ ತಿಳಿದದ್ದೇ ಆಗ.

ಕಾಕಾ ಫೆಬ್ರುವರಿಯಲ್ಲಿ ಹೋಗಿಬಿಟ್ಟರು. ಏಪ್ರಿಲ್‌ನಲ್ಲಿ ಹಲಗೆ ಸರಿಸಿದೆ. ಕೆಲವು ದಿನ ಏನೂ ಕಾಣಲಿಲ್ಲ. ಒಂದು ಮಧ್ಯಾಹ್ನ ಒಂದು ಹಲ್ಲಿ, ಅದರ ಹಿಂದೆ ಇನ್ನೊಂದು, ಕಲ್ಲಿನ ಮೇಲೆ ಬಂದು ಮೈ ಕಾಯಿಸಿಕೊಂಡವು. ಫೋನ್ ತೆಗೆದು ಅವರ ನಂಬರ್ ಒತ್ತಿಯೇ ಬಿಟ್ಟಿದ್ದೆ...

ಅವರ ಮನೆ ಮಾರಿದಾಗ ಹಲ್ಲಿಗಳು ನಮ್ಮ ಅಂಗಳಕ್ಕೆ ಬಂದವು. ಪ್ರತಿ ವಸಂತದಲ್ಲೂ ‘ಎದ್ದವು’ ಎಂದು ಕೂಗುತ್ತೇನೆ, ಮನೆಯವರೆಲ್ಲ ಓಡಿ ಬರುತ್ತಾರೆ. ಆ ಮಾತು ಕೇಳಬೇಕಾಗಿದ್ದವರು ಮಾತ್ರ ಇಲ್ಲ.