ಸಾಣೆಕಲ್ಲಿನಲ್ಲಿ ತೇದ ಮಾತ್ರೆ

ಶಿರಸಿಯ ಆಸ್ಪತ್ರೆಯ ಐಸಿಯುನಲ್ಲಿ ನಮ್ಮ ಯಜಮಾನರು ಮಲಗಿದ್ದಾಗ ನನ್ನ ಹೊಟ್ಟೆ ಉರಿಸಿದವಳು ಅಲ್ಲಿಯ ಕ್ಲಿನಿಕಲ್ ಫಾರ್ಮಸಿಸ್ಟ್ ಹುಡುಗಿ. ಡಾಕ್ಟರಲ್ಲ, ನರ್ಸೂ ಅಲ್ಲ. ರೋಗಿಗೆ ಯಾವ ಔಷಧಿ, ಎಷ್ಟು, ಯಾವುದರ ಜೊತೆ ಯಾವುದು ಕೂಡದು ಎಂದು ನೋಡುವವಳು. ನಲವತ್ತು ವರ್ಷ ಮನೆಯಲ್ಲಿ ನಾನು ಮಾಡಿದ್ದೂ ಅದೇ, ಬಿಳಿ ಕೋಟೊಂದಿಲ್ಲದೆ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ಹ್ಯಾಂಡ್‌ರೈಟಿಂಗಿನಲ್ಲಿ ಯಜಮಾನರ ಮಾತ್ರೆಗಳ ಲಿಸ್ಟ್ ಬರೆದಿಟ್ಟಿದ್ದೆ. ನಮ್ಮ ಹಳ್ಳಿ ಮನ್ಮನೆಯಲ್ಲಿ ಅರ್ಧ ಊರು ಮಾತ್ರೆಯ ಸ್ಟ್ರಿಪ್ ಓದಿಸಲು ನನ್ನ ಹತ್ತಿರವೇ ಬರುತ್ತಿತ್ತು.

ಪಲ್ಸ್ ತೀರಾ ಇಳಿದಿತ್ತು. ಹುಬ್ಬಳ್ಳಿಗೆ ಒಯ್ದು ಪೇಸ್‌ಮೇಕರ್ ಹಾಕಿಸಬೇಕೆಂದು ಡಾಕ್ಟರು ಆಂಬ್ಯುಲೆನ್ಸ್‌ಗೆ ಹೇಳಿಯಾಗಿತ್ತು. ಅಂಥದರಲ್ಲೂ ಯಜಮಾನರು ಅವಳನ್ನು ನೋಡಿ ನಕ್ಕರು.

“ಯಾವ ಊರೆ ಕೂಸೆ?”

“ತ್ಯಾಗಲಿ, ಅಜ್ಜ. ಮಾತ್ರೆ ಹೆಂಗೆ ತಗತ್ರಿ?”

“ಯಂಗೆಂತ ಗೊತ್ತು? ನಮ್ಮನೆ ಹೆಡ್‌ಮಿಸ್ಟ್ರೆಸ್ ಹತ್ರ ಕೇಳು. ಅದು ನಿನ್ನಷ್ಟು ಸಮಾಧಾನದಲ್ಲಿ ಮಾತಾಡ್ತಿಲ್ಲೆ.”

ಅವಳು ನನ್ನ ಕಡೆ ತಿರುಗಿದಳು. “ಅಮ್ಮಮ್ಮ, ಬಿ.ಪಿ. ಮಾತ್ರೆ ಹೋದ ವಾರ ಬದಲಾಯ್ದಲ, ಅದನ್ನ ಹೆಂಗೆ ಕೊಡ್ತಿದ್ರಿ?”

“ನೀರಲ್ಲಿ,” ಎಂದೆ.

ಸುಳ್ಳು. ಅವರಿಗೆ ನುಂಗುವುದು ಕಷ್ಟವಾದಾಗಿನಿಂದ ಎಲ್ಲ ಮಾತ್ರೆಯನ್ನೂ ಸಾಣೆಕಲ್ಲಿನಲ್ಲಿ, ಮಗುವಿಗೆ ಬಜೆ ತೇಯುವ ಹಾಗೆ ತೇದು ಜೇನುತುಪ್ಪದಲ್ಲಿ ನೆಕ್ಕಿಸುತ್ತಿದ್ದೆ. ಅದನ್ನು ಈ ಹುಡುಗಿಯ ಎದುರು, ಅದೂ ಅವರ ಎದುರು, ಹೇಳಲು ಮನಸ್ಸಾಗಲಿಲ್ಲ.

ಅವಳು ಹೋಗಲಿಲ್ಲ. “ಇದು ದಿನವಿಡೀ ನಿಧಾನ ಕರಗೋ ಮಾತ್ರೆ. ಪುಡಿ ಮಾಡಿದ್ರೆ ಇಡೀ ದಿನದ್ದು ಒಂದೇ ಸಲ ಮೈಗೆ ಹತ್ತತು, ಪಲ್ಸ್ ಇಳಿತು. ಹಾಂಗಾಗಿದ್ರೆ ಪೇಸ್‌ಮೇಕರ್ ಬೇಡದೇ ಇಕ್ಕು. ಅದ್ಕೆ ಕೇಳಿದ್ದು.”

ಹೊರಗೆ ಸ್ಟ್ರೆಚರ್ ಬಂದ ಸದ್ದಾಯಿತು.

“ತೇಯ್ತಿದ್ದೆ,” ಎಂದೆ. “ಸಾಣೆಕಲ್ಲಲ್ಲಿ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಭುಜ ಮುಟ್ಟಿ, ಡಾಕ್ಟರ ಕೋಣೆಗೆ ಓಡಿದಳು. ಹುಬ್ಬಳ್ಳಿ ಪ್ರಯಾಣ ನಿಂತಿತು. ಇಂಜೆಕ್ಷನ್ ಕೊಡುತ್ತಾ, ಮಾತ್ರೆಯ ಪ್ರಭಾವ ಇಳಿಯಲೆಂದು ಕಾದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಪಲ್ಸ್ ಏರಿತು. ಯಜಮಾನರು ಗಂಜಿಗೆ ಉಪ್ಪು ಸಾಲದೆಂದು ಗೊಣಗಿದರು.

ಡಿಸ್ಚಾರ್ಜ್ ದಿನ ನನ್ನ ಲಿಸ್ಟಿನಲ್ಲಿ ಆ ಮಾತ್ರೆ ಹೊಡೆದುಹಾಕಿ, ತೇಯಬಹುದಾದ ಬೇರೊಂದನ್ನು ಡಾಕ್ಟರಿಂದ ಬರೆಸಿಕೊಂಡು ಬಂದಳು. ಅಂಚಿನಲ್ಲಿ ಅವಳೇ ಬರೆದಳು: “ಹೊಸ ಮಾತ್ರೆ ಯಾವುದೇ ಆಗಲಿ, ಕೇಳದೆ ಪುಡಿ ಮಾಡಬೇಡಿ.” ಕೆಳಗೆ ಫೋನ್ ನಂಬರು. ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

ಈಗ ಹೊಸ ಸ್ಟ್ರಿಪ್ ಕಂಡರೆ ಸಾಕು, ಯಜಮಾನರು, “ಆ ಕೂಸಿನ ಹತ್ರ ಕೇಳಿದ್ಯನೆ?” ಎನ್ನುತ್ತಾರೆ. ಕೇಳುತ್ತೇನೆ, ತಪ್ಪದೆ. ಆದರೆ ಫೋನು ಅವರ ಕೈಗೆ ಕೊಡುವುದಿಲ್ಲ.